ಈಸ್ಟರ್ ಬಿಸಿಲಿನ ಬಣ್ಣ

ಈಸ್ಟರ್ ರಜೆ ಮುಗಿಸಿ ಬೆಟ್ಟದ ಮೇಲಿನ ಮರದ ಮನೆಯಿಂದ ಇಳಿದು ಬಂದವರ ಮುಖ ಕಂದುಬಣ್ಣಕ್ಕೆ ತಿರುಗಿರದಿದ್ದರೆ ನಮ್ಮೂರಿನಲ್ಲಿ ಅವರಿಗೆ ಮರ್ಯಾದೆಯಿಲ್ಲ. ಉತ್ತರ ಧ್ರುವದ ಹತ್ತಿರ, ಚಳಿಗಾಲವಿಡೀ ಸೂರ್ಯನನ್ನು ಕಾಣದ ಜನ ನಾವು. ಹಿಮದ ಗೋಡೆಗೆ ಒರಗಿ, ಕಿತ್ತಳೆ ಸುಲಿಯುತ್ತ, ಬಿಸಿಲಿಗೆ ಮುಖವೊಡ್ಡಿ ಕೂರುತ್ತೇವೆ. ಆ ವರ್ಷ ಎಲ್ಲರಿಗಿಂತ ಚೆಂದದ ಬಣ್ಣ ಬಂದಿದ್ದು ನನ್ನ ಹೆಂಡತಿ ಗುನ್‌ವೋರ್‌ಗೆ.

"ಏನೇ ಹುಡುಗಿ, ಒಳ್ಳೆ ತಾಮ್ರದ ಚೊಂಬು ಆಗಿದ್ದೀಯಲ್ಲ!" ಎಂದು ನನ್ನ ತಾಯಿ ಮಾಗ್ನ್‌ಹಿಲ್ಡ್ ಸೊಸೆಯ ಕೆನ್ನೆ ಸವರಿದ್ದರು. "ನನ್ನ ಮಗನ್ನ ನೋಡು, ಬೇಯಿಸಿದ ಮೀನು."

"ಬೇಯಿಸಿದ್ದು ನಾನಲ್ಲ ಅತ್ತೆ, ನೀವೇ ಹೆತ್ತಿದ್ದು," ಎಂದು ಗುನ್‌ವೋರ್ ನಕ್ಕಿದ್ದಳು.

ಬೇಸಿಗೆಯ ಹೊತ್ತಿಗೆ ನನ್ನ ಬಣ್ಣ ತೊಳೆದುಹೋಯಿತು. ಅವಳದು ನವೆಂಬರ್ ಬಂದರೂ ಹೋಗಲಿಲ್ಲ. ಅಂಗೈಯ ಗೆರೆಗಳು ಕಪ್ಪಾದವು, ವಸಡಿನಲ್ಲಿ ಶಾಯಿ ತಾಗಿದಂಥ ಕಲೆಗಳು ಮೂಡಿದವು. ಉಪ್ಪಿನಲ್ಲಿ ಹಾಕಿಟ್ಟ ಹೆರಿಂಗ್ ಮೀನಿನ ನೀರನ್ನು ಜಾಡಿಯಿಂದಲೇ ಕುಡಿಯುತ್ತಿದ್ದಳು. ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ಕುಳಿತುಬಿಡುತ್ತಿದ್ದಳು. ನಾನು ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವನು. ಬೆಳಕಿಲ್ಲದ ತಿಂಗಳಲ್ಲಿ ಚರ್ಮ ಕಪ್ಪಾಗುವುದು ಸರಿಯಲ್ಲ ಎಂಬಷ್ಟು ನನಗೆ ಗೊತ್ತಿತ್ತು. ಡಾಕ್ಟರ ಬಳಿ ಕರೆದೊಯ್ದೆ.

ಅವರು ಅವಳ ಮುಖ ನೋಡಿದ್ದೇ, "ಸ್ಪೇನ್‌ಗೆ ಹೋಗಿದ್ರಾ? ನಮ್ಮನ್ನೂ ಕರೀಬಾರ್ದಾ!" ಎಂದರು.

"ಎಲ್ಲಿಗೂ ಹೋಗಿಲ್ಲ ಡಾಕ್ಟ್ರೇ. ಇಲ್ಲೇ, ಕತ್ತಲಲ್ಲೇ ಇದ್ದೀವಿ," ಎಂದೆ.

"ಹಾಗಾದ್ರೆ ಪುಣ್ಯ ಮಾಡಿದ ಚರ್ಮ ಬಿಡಿ. ಸುಸ್ತಿಗೆ ಕಬ್ಬಿಣದ ಮಾತ್ರೆ ಕೊಡ್ತೀನಿ. ಹೊರಗಡೆ ಓಡಾಡಿ."

ಇನ್ನೊಬ್ಬರಿಗೆ ತೋರಿಸೋಣ ಎಂದರೆ ಗುನ್‌ವೋರ್ ಒಪ್ಪಲಿಲ್ಲ. "ಇಷ್ಟು ಚೆನ್ನಾಗಿ ಕಾಣೋಳು ಕಾಯಿಲೆ ಅಂದ್ರೆ ಯಾರು ನಂಬ್ತಾರೆ ಐವಿಂಡ್? ಸೋಮಾರಿ ಅಂತಾರೆ ಅಷ್ಟೇ."

ಮತ್ತೆ ಈಸ್ಟರ್ ಬಂತು. ಬೆಟ್ಟದ ಗಾಳಿಯಿಂದಲೇ ವಾಸಿಯಾಗುತ್ತದೆ ಎಂದು ಅಮ್ಮ ಹಟ ಹಿಡಿದರು. ಗುನ್‌ವೋರ್‌ಗೆ ಸ್ಕೀ ಕಟ್ಟಿಕೊಂಡು ನಡೆಯಲಾಗಲಿಲ್ಲ. ಸಾಮಾನಿನ ಜಾರುಬಂಡಿಯಲ್ಲೇ ಕೂರಿಸಿ ಎಳೆದುಕೊಂಡು ಹೋದೆ. ಅಲ್ಲಿ ಎಲ್ಲರಿಗೂ ವಾಂತಿ ಹಿಡಿಯಿತು. ನಾವು ಮರುದಿನವೇ ಎದ್ದು ಕಾಫಿ ಕುಡಿದೆವು. ಅವಳು ಏಳಲಿಲ್ಲ.

ನಾನು ಸಹಾಯಕ್ಕೆ ಫೋನ್ ಮಾಡುತ್ತಿದ್ದಾಗ ಅಮ್ಮ ಅವಳನ್ನು ಹಿಮಸಾರಂಗದ ಚರ್ಮದಲ್ಲಿ ಸುತ್ತಿ, ಹಿಮದ ಗೋಡೆಗೆ ಒರಗಿಸಿ, ಮುಖವನ್ನು ಸೂರ್ಯನ ಕಡೆಗೆ ತಿರುಗಿಸಿದ್ದರು. "ಸ್ವಲ್ಪ ಬಿಸಿಲು ಬೀಳ್ಲಿ ಮಗಳೇ, ಸರಿಹೋಗ್ತೀಯ." ಹೆಲಿಕಾಪ್ಟರ್ ಬಂದಾಗ ಅವಳ ನಾಡಿ ನನ್ನ ಬೆರಳಿಗೆ ಸಿಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಅವಳನ್ನು ಉಳಿಸಿಕೊಳ್ಳಲಾಗಲಿಲ್ಲ. ವಸಡು ನೋಡಿದೊಡನೆ ರೋಗ ಗುರುತಿಸಿದ್ದ ಅಲ್ಲಿನ ವೈದ್ಯೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು: ಮೂತ್ರಪಿಂಡಗಳ ಮೇಲಿರುವ ಎರಡು ಪುಟ್ಟ ಗ್ರಂಥಿಗಳು ಸತ್ತುಹೋಗಿದ್ದವು. ಅವುಗಳ ರಸವಿಲ್ಲದೆ ಮೈಗೆ ಒಂದು ವಾಂತಿಯನ್ನೂ ತಾಳಿಕೊಳ್ಳಲಾಗುವುದಿಲ್ಲ. ಕೆಲಸ ಮಾಡಿ, ಕೆಲಸ ಮಾಡಿ ಎಂದು ಮಿದುಳಿನ ಬುಡದಿಂದ ಅವಕ್ಕೆ ಹಾರ್ಮೋನಿನ ರೂಪದಲ್ಲಿ ಆಜ್ಞೆ ಹೋಗುತ್ತಲೇ ಇತ್ತು, ದಿನೇದಿನೇ ಇನ್ನೂ ಜೋರಾಗಿ. ಚರ್ಮ ಕಪ್ಪಾಗಿದ್ದು ಆ ಕೂಗಿನಿಂದ.

"ಮಾತ್ರೆ ಇದೆಯಾ ಇದಕ್ಕೆ?" ಎಂದು ಕೇಳಿದೆ.

"ಇದೆ," ಎಂದಳು. "ಮೊದಲಿನಿಂದ ತಗೊಂಡಿದ್ರೆ ಮುದುಕಿ ಆಗೋವರೆಗೂ ಬದುಕ್ತಿದ್ರು."

ಚರ್ಚಿನ ಪಕ್ಕದ ಕೋಣೆಯಲ್ಲಿ ಮೇಣದಬತ್ತಿ ಹಚ್ಚಿ ಶವಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟಿದ್ದರು. ಅಮ್ಮ ಬಗ್ಗಿ, ಹೋದ ವರ್ಷದಂತೆಯೇ ಅವಳ ಕೆನ್ನೆ ಸವರಿದರು.

"ನೋಡೋ, ಎಷ್ಟು ಗಟ್ಟಿಮುಟ್ಟಾಗಿ ಕಾಣ್ತಾಳೆ ಇನ್ನೂ."

ಬೆಟ್ಟದ ಬಿಸಿಲಿಗೆ ಬೆಂದಿದ್ದ ನನ್ನ ಮೂಗಿನ ಸಿಪ್ಪೆ ಆಗಲೇ ಏಳತೊಡಗಿತ್ತು.