ಹಾಲಿಬ್ಯಾಂಕಿನ ಹಿಂದಿನ ಮೆಟ್ಟಿಲು

ಚೆಲ್ಟ್ನಮ್ ಊರಿನ ಹಾಲಿಬ್ಯಾಂಕ್ ಬಂಗಲೆಗೆ ಎರಡು ಕಡೆ ಮೆಟ್ಟಿಲು. ಮುಂದಿನದು ಅಗಲವಾದ ಕಲ್ಲಿನದು, ಕೈಯೂರಲು ಮಹಾಗನಿ ಮರದ ಕಟಾಂಜನ. ಹಿಂದಿನದು ಆಳುಕಾಳುಗಳಿಗೆಂದು ಕಟ್ಟಿದ್ದು. ಇಬ್ಬರು ಎದುರಾದರೆ ಒಬ್ಬರು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಬಂಗಲೆಯನ್ನು ಕೊಯ್ದು ಆರು ಫ್ಲ್ಯಾಟು ಮಾಡಿ ಮೂವತ್ತು ವರ್ಷವಾದರೂ ನಾಲ್ಕನೇ ನಂಬರಿನ ಮೇಬಲ್ ಪೆಗ್ಲರ್ ಮಾತ್ರ ಹಿಂದಿನದನ್ನೇ ಹತ್ತಿ ಇಳಿಯುತ್ತಿದ್ದಳು. ಹದಿನಾಲ್ಕನೇ ವಯಸ್ಸಿಗೆ ಇಲ್ಲಿ ಮನೆಗೆಲಸಕ್ಕೆ ಸೇರಿದವಳು, ಆಮೇಲೆ ಅಂಚೆ ಕಚೇರಿಯಲ್ಲಿ ದುಡಿದು, ಯಜಮಾನಿ ಮಲಗುತ್ತಿದ್ದ ಕೋಣೆಯ ಅರ್ಧವನ್ನು ಕೊಂಡಿದ್ದಳು. ಉಳಿದರ್ಧ ಪಕ್ಕದವರದು. ಚಾವಣಿಯ ಗಾರೆಹೂವಿನಲ್ಲಿ ಈಚೆ ಮೂರು ಎಸಳು, ಆಚೆ ಮೂರು. ಅಡ್ಡಗೋಡೆ ಎಬ್ಬಿಸಿದವನಿಗೆ ‘ಅವನ ಕೈ ಸೇದಿಹೋಗ’ ಎಂದು ದಿನಾ ಶಾಪ.

ಒಂದು ಸಂಜೆ ನೆಲಮಹಡಿಯ ನಿವೃತ್ತ ಮೇಷ್ಟ್ರು ಪ್ರಾಸರ್ ಕಾಗದ ಹಿಡಿದು ಚಹಾಕ್ಕೆ ಬಂದ.

“ಎಲ್ಲರೂ ಸಹಿ ಹಾಕಿದ್ದಾರೆ ಮಿಸ್ ಪೆಗ್ಲರ್, ನಿಮ್ಮದೊಂದೇ ಬಾಕಿ. ಹಿಂದಿನ ಮೆಟ್ಟಿಲು ಕಿತ್ರೇನೇ ಲಿಫ್ಟಿಗೆ ಜಾಗ.”

“ಮುಂದಿನದನ್ನ ಕೀಳ್ರಿ.”

“ಅದನ್ನ ಮುಟ್ಟೋ ಹಾಗಿಲ್ಲ, ಪಾರಂಪರಿಕ ಕಟ್ಟಡ. ಕಟ್ಟಡ ನೋಡೋಕೆ ಬಂದ ಅಧಿಕಾರಿಗಳು ಹಿಂದಿನದಕ್ಕೆ ವಿಶೇಷ ಮಹತ್ವ ಇಲ್ಲ ಅಂತ ಬರ್ದಿದ್ದಾರೆ.”

ಮೇಬಲ್‌ಗೆ ಮೈಯೆಲ್ಲ ಉರಿಯಿತು. “ಮಹತ್ವ ಇಲ್ವಂತೆ! ಅದರ ಮೇಲೆ ಕಲ್ಲಿದ್ದಲ ಬಕೆಟ್ ಹೊತ್ತಿದ್ದು ಅವರಪ್ಪನಾ?”

“ಮೇಲ್ಮನೆ ವಿನ್ನಿ ಏಳು ತಿಂಗಳಿಂದ ಕೆಳಗಿಳಿದಿಲ್ಲ. ಗಂಡನ ಸಮಾಧಿಗೆ ಒಂದು ಹೂ ಇಡೋಕೂ ಆಗಿಲ್ಲ, ಪಾಪ.” ಕಾಗದ ಮೇಜಿನ ಮೇಲಿಟ್ಟು ಅವನು ಹೊರಟ.

ಮೇಬಲ್ ಹೋಗಿ ಹಿಂದಿನ ಮೆಟ್ಟಿಲ ಮೇಲೆ ಕೂತಳು. ಇಲ್ಲೇ ಅಡುಗೆಮನೆ ಕೆಲಸದ ಹುಡುಗಿ ಒಲಿವ್ ಜತೆ ದೊರೆಗಳು ಉಳಿಸಿದ ಪುಡ್ಡಿಂಗನ್ನು ಒಂದೇ ಚಮಚದಲ್ಲಿ ತಿಂದಿದ್ದು, ನಗು ತಡೆಯಲು ಏಪ್ರನ್ ಕಚ್ಚಿಕೊಂಡಿದ್ದು. ಒಲಿವ್ ಹತ್ತೊಂಬತ್ತಕ್ಕೆ ಎದೆರೋಗದಿಂದ ಹೋದಳು. ಅವಳದೊಂದು ಫೋಟೋ ಇಲ್ಲ. ಇದ್ದದ್ದು ಈ ಮರದ ಹಲಗೆಗಳು, ನಡುವೆ ಇಬ್ಬರ ಕಾಲೂ ಸವೆಸಿದ ತಗ್ಗು. ಇದನ್ನೂ ಕಿತ್ತರೆ ಅವಳು ಹುಟ್ಟೇ ಇರಲಿಲ್ಲ ಎಂದಂತೆ. ಮೇಬಲ್ ಬಿಕ್ಕಿ ಬಿಕ್ಕಿ ಅತ್ತಳು.

ತಲೆಯ ಮೇಲೆ ವಿನ್ನಿಯ ಊರುಗೋಲಿನ ಸದ್ದು ಕಿಟಕಿಗೆ ಹೋಯಿತು, ಕುರ್ಚಿಗೆ ಬಂತು, ಮತ್ತೆ ಕಿಟಕಿಗೆ ಹೋಯಿತು. ಒಲಿವ್ ಇದ್ದಿದ್ದರೆ ‘ಹಾಕೇ ಸಹಿ, ಮುದಿ ಗೂಬೆ’ ಎನ್ನುತ್ತಿದ್ದಳು. ಮೇಬಲ್ ಮೂಗು ಒರೆಸಿಕೊಂಡು ಒಳಗೆ ಹೋಗಿ ಸಹಿ ಹಾಕಿದಳು.

ಹೇಗಿದ್ದರೂ ಅಭ್ಯಾಸವಾಗಬೇಕಲ್ಲ ಎಂದು ಕಾಗದ ಕೊಡಲು ಮುಂದಿನ ಮೆಟ್ಟಿಲಲ್ಲೇ ಇಳಿದಳು. ಹಿಂದೆಲ್ಲ ಮಂಡಿಯೂರಿ ಮೆಟ್ಟಿಲಂಚಿನ ಹಿತ್ತಾಳೆ ಪಟ್ಟಿ ಉಜ್ಜಿದ್ದು ಬಿಟ್ಟರೆ ಅದರ ಮೇಲೆ ಕಾಲಿಟ್ಟವಳಲ್ಲ. ಅರ್ಧ ಇಳಿಯುವಷ್ಟರಲ್ಲಿ ಪ್ರಾಸರ್ ಎದುರಿಗೆ ಹತ್ತಿ ಬಂದ. ಮೇಬಲ್ ತಟಕ್ಕನೆ ಗೋಡೆಗೆ ಮುಖ ಮಾಡಿ, ಕೈಕಟ್ಟಿ, ತಲೆತಗ್ಗಿಸಿ ನಿಂತುಬಿಟ್ಟಳು. ಮನೆಯವರು ದಾಟಿ ಹೋಗುವ ತನಕ ಕೆಲಸದವರು ಹಾಗೆ ನಿಲ್ಲುವುದು ಅಂದಿನ ಕಟ್ಟಳೆ. ಅರವತ್ತು ವರ್ಷವಾದರೂ ಅವಳ ಮೈ ಅದನ್ನು ಮರೆತಿರಲಿಲ್ಲ.

“ಏನಾಯ್ತು ಮಿಸ್ ಪೆಗ್ಲರ್? ತಲೆ ಸುತ್ತುತ್ತಾ?”

ಅವಳ ಕೆನ್ನೆ ಕೆಂಪೇರಿತು. ನಿಧಾನವಾಗಿ ತಿರುಗಿ ಕಾಗದ ಅವನ ಕೈಗಿತ್ತಳು.

“ಏನಿಲ್ಲ. ಸ್ವಲ್ಪ ಪಕ್ಕಕ್ಕೆ ಸರೀರಿ ಮೇಷ್ಟ್ರೇ, ನಾನು ಇಳೀಬೇಕು.”