ಹೂಂಗುಟ್ಟುವವಳು

ನಮ್ಮಜ್ಜಿ ಕತೆ ಹೇಳುವಾಗ ಒಂದು ಕಟ್ಟುಪಾಡಿತ್ತು. ಪ್ರತಿ ಮಾತಿಗೂ ನಾನು ಹೂಂಗುಟ್ಟಬೇಕು. ಒಂದು ಹೂಂ ತಪ್ಪಿದರೂ ಕತೆ ಅಲ್ಲಿಗೇ ನಿಲ್ಲುತ್ತಿತ್ತು. "ಕತೆ ಹೇಳೋಳಿಗೆ ಬಾಯಿದ್ರೆ ಸಾಲದು ಕಣೇ, ಕೇಳೋಳಿಗೂ ಬಾಯಿರಬೇಕು" ಎನ್ನುತ್ತಿದ್ದಳು. ಅವಳ ಕತೆಗಳಲ್ಲಿ ರಾಜನೂ ಇರಲಿಲ್ಲ, ರಾಕ್ಷಸನೂ ಇರಲಿಲ್ಲ. ಮೂವತ್ತೆಂಟು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಹಲ್ಲಿಟ್ಟುಕೊಂಡೇ ಹುಟ್ಟಿದ ಕೂಸು, ಹೆಂಡತಿಯ ನೋವು ನೋಡಲಾರದೆ ತಾನೇ ಮೂರ್ಛೆ ಹೋದ ಪೈಲ್ವಾನ, ಮೂರನೆಯದೂ ಹೆಣ್ಣೇ ಎಂದು ಮುಖ ಸಿಂಡರಿಸಿದ ಅತ್ತೆಯ ಮಡಿಲಲ್ಲಿ ಅದೇ ಕೂಸು ಉಚ್ಚೆ ಹುಯ್ದು ಸೇಡು ತೀರಿಸಿಕೊಂಡದ್ದು, ಇಂಥವೇ ಕತೆಗಳು. ನಾನು ಅರೆನಿದ್ದೆಯಲ್ಲೂ ಹೂಂ, ಹೂಂ ಎನ್ನುತ್ತಿದ್ದೆ. ಹೀಗೆ ಬೆಳೆದವಳ ಬಾಯಲ್ಲಿ ಆ ಹೂಂ ಉಸಿರಿನಷ್ಟೇ ಸಲೀಸಾಗಿ ಕೂತುಬಿಟ್ಟಿದೆ. ಅದಕ್ಕೆ ದೊಡ್ಡ ಅರ್ಥವೇನಿಲ್ಲ. ಕೇಳಿಸಿಕೊಳ್ಳುತ್ತಿದ್ದೇನೆ, ಇಲ್ಲೇ ಇದ್ದೇನೆ, ಮುಂದೆ ಹೇಳು, ಅಷ್ಟೇ.

ಅಂಥ ಒಂದು ಹೂಂ ಈ ಪರದೇಶದಲ್ಲಿ ನನ್ನನ್ನು ಹೇಗೆ ಸಿಕ್ಕಿಹಾಕಿಸಿತು ಎಂದು ಹೇಳುತ್ತೇನೆ. ನೀವು ಹೂಂಗುಟ್ಟದಿದ್ದರೂ ನಾನು ನಿಲ್ಲಿಸುವುದಿಲ್ಲ. ಇಲ್ಲಿಗೆ ಬಂದು ಒಂದೂವರೆ ವರ್ಷವಾಯಿತು, ಉತ್ತರವಿಲ್ಲದೆ ಮಾತಾಡುವುದು ಅಭ್ಯಾಸವಾಗಿದೆ.

ನಾನು ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಮಣ್ಣು ಓದುತ್ತೇನೆ. ಓದಿ ಓದಿ ಮಣ್ಣು ತಿಂದಳು ಎಂದು ನಮ್ಮ ಕಡೆಯವರು ಆಗಲೇ ನಕ್ಕು ಮುಗಿಸಿದ್ದಾರೆ, ನೀವು ಹೊಸದಾಗಿ ನಗಬೇಕಿಲ್ಲ. ನಾನಿರುವ ಕೋಣೆಯಲ್ಲಿ ಮಂಚವನ್ನು ಗೋಡೆಗೆ ಒತ್ತಿದರೆ ಮಾತ್ರ ಬಾಗಿಲು ಪೂರ್ತಿ ತೆರೆಯುತ್ತದೆ. ಕಿಟಕಿಯಿಂದ ಕಾಣುವುದು ಎದುರು ಕಟ್ಟಡದ ಕಿಟಕಿ, ಅದಕ್ಕೆ ಯಾವಾಗಲೂ ಪರದೆ. ಪಕ್ಕದ ಕೋಣೆಯವನ ಮುಖವನ್ನು ನಾನು ನೋಡಿಲ್ಲ. ಅವನ ಕೆಮ್ಮು ಗೊತ್ತು. ಒಂದು ಸಂಜೆ ಆ ಕೆಮ್ಮಪ್ಪ ಫೋನಿನಲ್ಲಿ ಯಾರೊಂದಿಗೋ ಉದ್ದಕ್ಕೆ ಮಾತಾಡುತ್ತಿದ್ದ. ಭಾಷೆ ಯಾವುದೋ ನನಗೆ ತಿಳಿಯದು. ಬಟ್ಟೆ ಮಡಿಸುತ್ತಿದ್ದ ನಾನು ಸ್ವಲ್ಪ ಹೊತ್ತಾದ ಮೇಲೆ ಗಮನಿಸಿದೆ, ಅವನ ಪ್ರತಿ ಮಾತಿಗೂ ಗೋಡೆಯ ಈಚೆಯಿಂದ ನಾನು ಹೂಂಗುಟ್ಟುತ್ತಿದ್ದೇನೆ. ನನಗೇ ನಾಚಿಕೆಯಾಗಿ ಬಟ್ಟೆಗಳನ್ನು ಹಾಗೇ ಬಿಟ್ಟು ಮಲಗಿಬಿಟ್ಟೆ.

ಭಾನುವಾರ ಮಾತ್ರ ಬೇರೆ. ಅವತ್ತು ಅಜ್ಜಿಗೆ ಫೋನು. ಅಮ್ಮ ವಿಡಿಯೋ ಹಾಕಿ ಕೊಟ್ಟರೂ ಅಜ್ಜಿ ಫೋನನ್ನು ಕಿವಿಗೇ ಒತ್ತಿಕೊಳ್ಳುತ್ತಾಳೆ. ಹಾಗಾಗಿ ಪರದೆಯ ತುಂಬ ನನಗೆ ಕಾಣುವುದು ಅವಳ ಕಿವಿ, ಸವೆದ ಓಲೆ, ನಾಲ್ಕು ಬಿಳಿ ಕೂದಲು. ಆ ಕಿವಿಗೆ ನಾನು ವಾರದ್ದೆಲ್ಲ ಸುರಿಯುತ್ತಿದ್ದೆ. ಕ್ಯಾಂಟೀನಿನಲ್ಲಿ ಒಬ್ಬಳೇ ಉಣ್ಣುವಾಗ ಪುಸ್ತಕ ತೆರೆದಿಟ್ಟುಕೊಂಡು ಬಿಡುವಿಲ್ಲದವಳಂತೆ ನಟಿಸುವುದನ್ನೂ ಹೇಳಿದ್ದೆ. ಅಮ್ಮನಿಗೆ ಹೇಳದ್ದು ಅದು. ಅಜ್ಜಿ ಹೂಂ, ಹೂಂ ಎನ್ನುತ್ತಿದ್ದಳು. ನಾನು ಹೊರಡುವ ದಿನವೇ ಹೇಳಿದ್ದಳು, "ಇಷ್ಟು ವರ್ಷ ನಾನು ಹೇಳ್ದೆ, ನೀನು ಹೂಂಗುಟ್ಟಿದೆ. ಇನ್ಮೇಲೆ ನೀನು ಹೇಳು, ನಾನು ಹೂಂಗುಟ್ತೀನಿ. ರಜಕ್ಕೆ ಬಂದ್ಬಿಡು, ಪಕ್ಕದಲ್ಲಿ ಮಲ್ಕೊಂಡು ಪೂರ್ತಿ ಕೇಳ್ತೀನಿ." ಅವಳಿಗೆ ಎಂಬತ್ತನಾಲ್ಕು. ಬರುತ್ತೇನೆ ಎಂದು ಮಾತು ಕೊಟ್ಟಿದ್ದೆ. ರಜೆಗೆ ಹತ್ತು ದಿನವಿತ್ತು.

ಆಗ ನಮ್ಮ ಸಂಶೋಧನೆಯ ಗೈಡ್ ಕರೆದರು. ಅವರು ಒಳ್ಳೆಯವರು, ಮಾತು ಅಳೆದು ತೂಗಿ ಆಡುವವರು. ನನ್ನ ಜೊತೆಗೆ ಅವರ ಕೈಕೆಳಗೆ ಕೆಲಸ ಮಾಡುವವನು ಇನ್ನೊಬ್ಬ, ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಉದ್ದ. ನನ್ನ ಮಟ್ಟಿಗೆ ಅವನು ಉದ್ದಣ್ಣ. ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಅವನು ಮಣ್ಣು ತುಂಬಿದ ನಲವತ್ತು ಕೊಳವೆಗಳನ್ನು ನಿಲ್ಲಿಸಿದ್ದಾನೆ. ದಿನಾ ಬೆಳಿಗ್ಗೆ ಮೇಲಿಂದ ಅಳತೆಯ ನೀರು ಹಾಕಬೇಕು, ಸಂಜೆ ಕೆಳಗೆ ತೊಟ್ಟಿಕ್ಕಿದ್ದನ್ನು ತೂಗಿ ಬರೆಯಬೇಕು. ಒಂದು ದಿನ ತಪ್ಪಿದರೂ ವರ್ಷದ ಕೆಲಸ ನೀರುಪಾಲು.

"ರಜದಲ್ಲಿ ಆ ಕೊಳವೆಗಳನ್ನ ಯಾರಾದ್ರೂ ನೋಡ್ಕೋಬೇಕು" ಎಂದರು ಗೈಡ್, ಅವರ ಭಾಷೆಯಲ್ಲಿ.

"ಹೂಂ" ಎಂದೆ, ನನ್ನ ಭಾಷೆಯಲ್ಲಿ.

"ನಿನಗೆ ಆ ಕೆಲಸ ಚೆನ್ನಾಗಿ ಗೊತ್ತು."

"ಹೂಂ."

"ಬೆಳಿಗ್ಗೆ ಎಂಟಕ್ಕೆ ನೀರು, ಸಂಜೆ ಐದಕ್ಕೆ ತೂಕ. ಆರು ವಾರ."

"ಹೂಂ."

"ತುಂಬಾ ಉಪಕಾರ ಆಯ್ತು" ಎಂದು ಅವರು ಪೆನ್ನಿನ ಮುಚ್ಚಳ ಹಾಕಿದರು. ನಾನಿನ್ನೂ ಕತೆ ಮುಂದಿದೆ ಎಂದು ಕಾಯುತ್ತಿದ್ದೆ. "ಆದರೆ ಯಾರು ಸಿಗ್ತಾರೋ ಗೊತ್ತಿಲ್ಲ" ಎನ್ನುತ್ತಾರೆ, ಆಮೇಲೆ ನಾನು ಊರಿಗೆ ಹೋಗುವ ವಿಷಯ ತೆಗೆದರಾಯಿತು ಎಂದುಕೊಂಡಿದ್ದೆ. ಅವರು ಕಂಪ್ಯೂಟರಿನ ಕಡೆ ತಿರುಗಿದ್ದು ನೋಡಿ ಎದ್ದು ಬಂದೆ. ಎರಡು ದಿನದ ಮೇಲೆ ಎಲ್ಲರಿಗೂ ಒಂದು ಮೇಲ್ ಬಂತು. ಕೊಳವೆಗಳ ಹೊಣೆಯನ್ನು ಈಕೆ ಸಂತೋಷದಿಂದ ಒಪ್ಪಿಕೊಂಡಿದ್ದಾಳೆ ಎಂದು ಬರೆದಿತ್ತು. ಈಕೆ ಎಂದರೆ ನಾನು.

ಓಡಿಹೋಗಿ ಗೈಡ್ ಮುಂದೆ ನಿಂತೆ. "ನಾನು ಒಪ್ಪಿಕೊಂಡಿರ್ಲಿಲ್ಲ. ಊರಿಗೆ ಹೋಗ್ಬೇಕು" ಎಂದೆ.

"ಆದ್ರೆ ಮೂರು ಸಲ ಹೌದು ಅಂದೆಯಲ್ಲ?"

"ಅದು ಹೌದು ಅಲ್ಲ. ನಮ್ಮಲ್ಲಿ ಅದು ನಾನು ಇಲ್ಲಿದ್ದೀನಿ, ಕೇಳ್ತಿದ್ದೀನಿ ಅಂತ."

ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ನೀನು ಇಲ್ಲಿದ್ದೀಯ ಅಂತ ನನಗೆ ಕಾಣ್ಸುತ್ತಲ್ಲ" ಎಂದರು, ಬೈಯುವಂತಲ್ಲ, ಮೆಲ್ಲಗೆ. ಅದನ್ನು ಕೇಳಿ ನನಗೆ ಅಳು ಬರುವಂತಾಯಿತು. ಒಂದೂವರೆ ವರ್ಷದಲ್ಲಿ ನಾನು ಯಾರಿಗಾದರೂ ಕಾಣಿಸುತ್ತೇನೆ ಎಂಬುದೇ ನನಗೆ ಹೊಸ ಸುದ್ದಿ.

ಅವರು ಕುರ್ಚಿ ತೋರಿಸಿದರು. "ಈಗ ಸರಿಯಾಗಿ ಹೇಳು. ಆಗಲ್ಲ ಅಂದ್ರೆ ಆಗಲ್ಲ ಅನ್ನು, ಅವನಿಗೆ ಫೋನ್ ಮಾಡಿ ವಾಪಸ್ ಕರೆಸ್ತೀನಿ. ನಿನ್ನ ನಂಬಿ ನಿನ್ನೆನೇ ಹೊರಟ. ಅವನ ಹೆಂಡತಿಗೆ ಈಗ್ಲೋ ಆಗ್ಲೋ ಅನ್ನೋ ಹಾಗಿದೆ, ಮೊದಲನೇ ಮಗು."

ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯ ಪಾಡು. ಹೆರಿಗೆ ಆಸ್ಪತ್ರೆಯ ಬಾಗಿಲಲ್ಲಿ ಮೂವತ್ತೆಂಟು ವರ್ಷ ನಿಂತವಳ ಮೊಮ್ಮಗಳು ನಾನು. ಆಗಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು, ಬಾಯಿ ಬಿಟ್ಟರೆ ಬಂದದ್ದು ಅದೇ ಹಾಳು ಶಬ್ದ.

"ಹೂಂ" ಎಂದೆ.

"ಇದು ಯಾವ ಹೂಂ?" ಎಂದು ಕೇಳಿದರು ಗೈಡ್.

"ಇದು ಒಪ್ಪಿಗೆಯದು."

ಹೀಗೆ ನಾನೇ ನನ್ನ ಕಾಲಿನ ಮೇಲೆ ಕಲ್ಲು ಹಾಕಿಕೊಂಡೆ. ಗೈಡನ್ನು ದೂರುವಂತಿಲ್ಲ, ಉದ್ದಣ್ಣನನ್ನಂತೂ ಅಲ್ಲವೇ ಅಲ್ಲ. ಆದರೂ ಮನಸ್ಸಿನಲ್ಲಿ ಒಂದು ಕೊಬ್ಬು ಉಳಿದಿತ್ತು. ಹೂಂ ಎಂದರೆ ಹೌದು ಅಂತ ತಿಳಿಯುತ್ತಾರಲ್ಲ, ಎಂಥ ಜನ, ಇಷ್ಟು ಓದಿಯೂ ಇಷ್ಟು ತಿಳಿಯದಲ್ಲ ಎಂದು ಕೋಣೆಗೆ ಬಂದು ಗೋಡೆಗೆ ಹೇಳಿದೆ. ಗೋಡೆಯ ಆಚೆ ಕೆಮ್ಮಪ್ಪ ಕೆಮ್ಮಿದ.

ಭಾನುವಾರ ಬಂತು. ಅಜ್ಜಿಗೆ ಹೇಗೆ ಹೇಳುವುದೆಂದು ಬೆಳಗಿನಿಂದ ಗೋಡೆಯ ಮುಂದೆ ಅಭ್ಯಾಸ ಮಾಡಿದೆ. ಪರದೆಯ ಮೇಲೆ ಕಿವಿ ಮೂಡಿತು, ಓಲೆ ಮೂಡಿತು. ಸುತ್ತಿ ಬಳಸಿ ಮಾತಾಡಿ ಕೊನೆಗೆ ಹೇಳಿದೆ.

"ಅಜ್ಜಿ, ಈ ರಜಕ್ಕೆ ಬರಕ್ಕಾಗಲ್ಲ."

"ಹೂಂ" ಎಂದಳು ಅಜ್ಜಿ.

"ಇಲ್ಲೊಬ್ಬನ ಹೆಂಡತಿಗೆ ಹೆರಿಗೆ. ಅವನ ಕೆಲಸ ನಾನು ನೋಡ್ಕೋಬೇಕು."

"ಹೂಂ."

"ಬೇಜಾರು ಮಾಡ್ಕೋಬೇಡ. ಮುಂದಿನ ವರ್ಷ ಖಂಡಿತ ಬರ್ತೀನಿ."

"ಹೂಂ, ಹೂಂ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಮ್ಮಜ್ಜಿ ಗಟ್ಟಿಗಿತ್ತಿ, ಒಂದೇ ಮಾತಿಗೆ ಅರ್ಥ ಮಾಡಿಕೊಂಡಳು ಎಂದು ಹೆಮ್ಮೆಯೂ ಆಯಿತು. ಅಷ್ಟರಲ್ಲಿ ಅಮ್ಮ ಫೋನು ತೆಗೆದುಕೊಂಡಳು. ಅಮ್ಮ ಮನೆಯಲ್ಲೇ ಹೊಲಿಗೆ ಹೊಲಿಯುವವಳು, ಕತ್ತಿನಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು.

"ಏನಂದ್ಯೇ? ಅಜ್ಜಿ ಒಳ್ಳೆ ನಗ್ತಾ ಕೂತಿದ್ದಾಳೆ."

"ಈ ರಜಕ್ಕೆ ಬರಕ್ಕಾಗಲ್ಲ ಅಂದೆ. ಒಪ್ಕೊಂಡ್ಳು."

ಅಮ್ಮ ಫೋನು ಹಿಡಿದುಕೊಂಡೇ ಅಡುಗೆಮನೆಗೆ ಹೋದಳು. "ಒಪ್ಕೊಂಡ್ಲಾ? ಈಗ ತಾನೇ ನಿನ್ನ ಹಾಸಿಗೆ ಬಿಸಿಲಿಗೆ ಹಾಕು ಅಂತ ನನ್ನ ಪ್ರಾಣ ತಿಂತಿದ್ಳಲ್ಲೇ."

"ಮತ್ತೆ ಹೂಂ ಅಂದ್ಳಲ್ಲಮ್ಮ?"

"ಅವಳಿಗೆ ಕೇಳ್ಸಲ್ಲ ಕಣೇ" ಎಂದಳು ಅಮ್ಮ. "ಎಂಟು ತಿಂಗಳಾಯ್ತು. ಎರಡು ಕಿವೀನೂ ಹೋಯ್ತು. ಡಾಕ್ಟ್ರು ಕೊಟ್ಟ ಮೆಷಿನ್ನೂ ಪ್ರಯೋಜನಕ್ಕೆ ಬರ್ಲಿಲ್ಲ. ನಿನಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ಳು. ಫೋನ್ ಕಿವಿಗೆ ಒತ್ಕೊಂಡ್ರೆ ನಿನ್ನ ದನಿ ಗುಂಯ್ ಅಂತ ಕೆನ್ನೆಗೆ ತಾಗುತ್ತಂತೆ. ಅದು ನಿಂತಾಗೆಲ್ಲ ಒಂದು ಹೂಂ ಅಂತಾಳೆ. ಇಲ್ದಿದ್ರೆ ಮಗು ಮಾತು ನಿಲ್ಲಿಸಿಬಿಡುತ್ತೆ ಅಂತಾಳೆ."

ನನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಗೈಡರ ತಟ್ಟೆಯ ನೊಣ ಹುಡುಕಿದವಳು ನಾನು. ಹೂಂ ಎಂದರೆ ಒಪ್ಪಿಗೆ ಎಂದು ನಾನೇ ತಿಳಿದೆ, ಅದೂ ಹೂಂ ಕಲಿಸಿದವಳ ಬಾಯಿಂದ ಕೇಳಿ. ಎಂಟು ತಿಂಗಳು ಆ ಕಿವಿಗೆ ಹೇಳಿದ ಒಂದೊಂದೂ ನೆನಪಾಯಿತು. ಕ್ಯಾಂಟೀನು, ಕೆಮ್ಮಪ್ಪ, ಹುಟ್ಟಿದ ದಿನ ಯಾರೂ ಮಾತಾಡಿಸದೆ ಕಳೆದದ್ದು. ಯಾವುದೂ ಯಾರಿಗೂ ಕೇಳಿಸಿರಲಿಲ್ಲ. ಅಷ್ಟು ದಿನ ಒಬ್ಬಂಟಿ ಎಂದುಕೊಂಡಿದ್ದೆ. ಎಷ್ಟು ಒಬ್ಬಂಟಿ ಎಂದು ತಿಳಿದದ್ದು ಆಗ.

"ಇನ್ನೂ ದಾರಿ ಕಾಯಿಸೋದು ಬೇಡ" ಎಂದಳು ಅಮ್ಮ. "ದೊಡ್ಡ ಅಕ್ಷರ ಆದ್ರೆ ಓದ್ತಾಳೆ. ಬರೆದು ತೋರಿಸ್ಲಾ? ಏನಂತ ಬರೀಲಿ?"

ಏನೇನೋ ಹೇಳಬಹುದಿತ್ತು. "ಬರಲ್ಲ ಅಂತ ಬರಿ" ಎಂದೆ.

ಅಮ್ಮ ಫೋನನ್ನು ಹೊಲಿಗೆ ಯಂತ್ರಕ್ಕೆ ಒರಗಿಸಿಟ್ಟಳು. ಕಪ್ಪು ಬಟ್ಟೆಯ ತುಂಡೊಂದನ್ನು ಹಾಸಿ, ಅಳತೆಗೆ ಗೆರೆ ಎಳೆಯುವ ಸೀಮೆಸುಣ್ಣದಲ್ಲಿ ನನ್ನ ಮಾತನ್ನು ದಪ್ಪಕ್ಷರದಲ್ಲಿ ಬರೆದು ಅಜ್ಜಿಯ ಮುಂದೆ ಹಿಡಿದಳು. ಎಷ್ಟೋ ತಿಂಗಳ ಮೇಲೆ ಅಜ್ಜಿಯ ಪೂರ್ತಿ ಮುಖ ನೋಡಿದೆ. ಸಣ್ಣದಾಗಿತ್ತು. ಅವಳು ಬೆರಳಿಟ್ಟು, ತುಟಿಯಾಡಿಸುತ್ತಾ ಓದಿದಳು. ಬ. ರ. ಲ್ಲ. ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ಕೈ ಚಾಚಿ ಫೋನು ತೆಗೆದುಕೊಂಡು ಕಿವಿಗೆ ಒತ್ತಿಕೊಂಡಳು.

ಕಿವಿ, ಓಲೆ, ನಾಲ್ಕು ಬಿಳಿ ಕೂದಲು. ಓಲೆಯ ಮೇಲೆ ಸೀಮೆಸುಣ್ಣದ ಪುಡಿ ಅಂಟಿತ್ತು.

ಅವಳಿಗೆ ಕೇಳದೆಂದು ಗೊತ್ತಿದ್ದೂ ಮಾತಾಡಿದೆ. ಉದ್ದಣ್ಣನ ಹೆಂಡತಿಯ ಕತೆ ಹೇಳಿದೆ. ಅವನು ಬಾಗಿಲಲ್ಲಿ ತಲೆ ತಗ್ಗಿಸಿ ಓಡಿದ್ದು, ಅವಸರದಲ್ಲಿ ಒಂದು ಕಾಲಿಗೆ ಒಂದು ಬಣ್ಣದ ಕಾಲುಚೀಲ ಹಾಕಿಕೊಂಡು ಹೋದದ್ದು ಎಂದೆಲ್ಲ ಕಟ್ಟಿ ಹೇಳಿದೆ. ಒಂದು ಮಾತು ಹೇಳಿ ನಿಲ್ಲಿಸಿದೆ. ಹೂಂ ಬರಲಿಲ್ಲ. ಇನ್ನೊಂದು ಹೇಳಿ ನಿಲ್ಲಿಸಿದೆ. ಬರಲಿಲ್ಲ. ಹೂಂ ತಪ್ಪಿದರೆ ಕತೆ ನಿಲ್ಲಬೇಕು ಎನ್ನುವುದು ಅವಳೇ ಮಾಡಿದ ಕಟ್ಟುಪಾಡು. ನಾನು ನಿಲ್ಲಿಸಿದೆ.

ಅಜ್ಜಿ ಫೋನು ಕೆಳಗಿಡಲಿಲ್ಲ. ಆ ಕಡೆಯಿಂದ ಅವಳು ಉಸಿರಾಡುವುದು ಮಾತ್ರ ಕೇಳಿಸುತ್ತಿತ್ತು, ಎಳೆದು, ಬಿಟ್ಟು, ಮತ್ತೆ ಎಳೆದು. ಅವಳ ಕೈ ಸೋಲುವವರೆಗೂ ಅದಕ್ಕೇ ನಾನು ಹೂಂ, ಹೂಂ ಎನ್ನುತ್ತಾ ಕುಳಿತಿದ್ದೆ.