ಮರಿಗೆ ಬಿದ್ದ ಕಲ್ಲು

ಉದಗೀರದ ಅರಿವೆ ವ್ಯಾಪಾರಿ ಕಲ್ಯಾಣಪ್ಪನಿಗೆ ಕಾಡುಪ್ರಾಣಿ ನೋಡುವ ಹುಚ್ಚು. ಬೇರೆ ಸಾವುಕಾರರು ಶ್ರೀಶೈಲಕ್ಕೆ, ಕಾಶಿಗೆ ಹೋದರೆ ಇವನು ಹೆಂಡತಿ ಶಿವಗಂಗಾಬಾಯಿಯನ್ನು ಕರೆದುಕೊಂಡು ಗಿರ್ ಕಾಡಿನ ಸಿಂಹ, ಸಿಲೋನಿನ ಆನೆ ನೋಡಿ ಬಂದಿದ್ದ. ನಿಜಾಮನ ಕಡೆಯ ರಜಾಕಾರರ ಗದ್ದಲದಲ್ಲಿ ಊರು ಬಿಟ್ಟು ಬಾರ್ಶಿಯ ನೆಂಟರ ಮನೆಯಲ್ಲಿ ಅಡಗಿ ಕೂತಿದ್ದಾಗ, ಬದುಕಿದರೆ ಜಗತ್ತು ನೋಡಬೇಕು ಎಂದುಕೊಂಡಿದ್ದನಂತೆ.

ಉದಗೀರ ಹೈದರಾಬಾದು ರಾಜ್ಯ ಬಿಟ್ಟು ಮುಂಬಯಿ ರಾಜ್ಯಕ್ಕೆ ಸೇರಿದ ಮರುವರ್ಷ ಗಂಡಹೆಂಡತಿ ಹಡಗು ಹತ್ತಿ ನೈರೋಬಿಗೆ ಹೋದರು. ಅಲ್ಲಿ ಪರಿಚಯದ ಗುಜರಾತಿ ವ್ಯಾಪಾರಿಯೊಬ್ಬ ಕಾಡು ಸುತ್ತಿಸುವ ಲಾರಿಯಲ್ಲಿ ಜಾಗ ಕೊಡಿಸಿದ.

ಮುಳ್ಳುಗಿಡದ ನೆರಳಿನಲ್ಲಿ ಖಡ್ಗಮೃಗವೊಂದು, ಉದಗೀರದವರ ಬಾಯಲ್ಲಿ ಗೇಂಡಾ, ಮರಿಯನ್ನು ಮಗ್ಗುಲಿಗೆ ಹಾಕಿಕೊಂಡು ಮಲಗಿತ್ತು. ಲಾರಿಯಲ್ಲಿದ್ದ ಬಿಳಿಯ ಮುದುಕಿಯೊಬ್ಬಳು ದುರ್ಬೀನು ಕಣ್ಣಿಗೆ ಹಿಡಿದು ಮುಂಜಾನೆಯಿಂದ ಅಲುಗಾಡದೆ ಕೂತಿದ್ದಳು. ಹೊತ್ತು ನೆತ್ತಿಗೆ ಬಂತು. ಪ್ರಾಣಿ ಏಳಲಿಲ್ಲ. ಸಮುದ್ರ ದಾಟಿ ಬಂದದ್ದು ಇದರ ಬೆನ್ನು ನೋಡಲಿಕ್ಕೆ ಏನು ಎಂದು ಕಲ್ಯಾಣಪ್ಪನಿಗೆ ರೇಗಿತು. ಮೆಲ್ಲಗೆ ಕೆಳಗಿಳಿದು ಒಂದು ಕಲ್ಲು ಬೀಸಿದ.

ಅದು ಮರಿಗೆ ಬಿತ್ತು. ಮರಿ ಕಿರುಚಿತು. ತಾಯಿ ಎದ್ದು ದಿಕ್ಕು ತಪ್ಪಿದಂತೆ ಗಿರ್ರನೆ ತಿರುಗಿ ಪೊದೆಯೊಳಗೆ ಓಡಿತು. ಮರಿ ಕುಂಟುತ್ತ ಹಿಂದೆ ಹೋಯಿತು.

ಡ್ರೈವರ್ ಲಾರಿ ತಿರುಗಿಸಿದ. ಮುದುಕಿ ದುರ್ಬೀನು ಚೀಲಕ್ಕಿಟ್ಟು, ದಾರಿಯಲ್ಲಿ ಒಂದು ಕಿತ್ತಳೆ ಸುಲಿದು ಅರ್ಧವನ್ನು ಶಿವಗಂಗಾಬಾಯಿಗೆ ಕೊಟ್ಟಳು. ಕಲ್ಯಾಣಪ್ಪನ ಕಡೆ ನೋಡಲೇ ಇಲ್ಲ.

ಉದಗೀರಕ್ಕೆ ಬಂದ ಮೇಲೆ ಅಂಗಡಿಯಲ್ಲಿ ಜನ ಸೇರಿದರು. ಕಾಡಿನಲ್ಲಿ ಕಂಡದ್ದನ್ನು ಹೇಳುವವರೆಗೆ ಗೆಳೆಯ ಅಂಬಣ್ಣ ಬಿಡಲಿಲ್ಲ. ಕಲ್ಯಾಣಪ್ಪನ ಬಾಯಿಂದ ಮಾತು ತಾನಾಗಿ ಹೊರಟಿತು. “ನೋಡ್ರಿ, ಗೇಂಡಾ ಸೀದಾ ಮೈಮ್ಯಾಲ ಬಂತು. ನಾ ನಿಂತ ಜಾಗಾ ಬಿಡಲಿಲ್ಲ.”

ಅಂಗಡಿಯ ಹಿಂದಿನ ಮನೆಯಿಂದ ಚಹಾ ತಂದ ಶಿವಗಂಗಾಬಾಯಿಯನ್ನು ಅಂಬಣ್ಣ ಕೇಳಿದ: “ಖರೇ ಏನ್ರಿ ವೈನಿ?”

ಆಕೆ ಗಂಡನ ಮುಖ ನೋಡಿ, “ಹೂಂ, ಬಂದಿತ್ತು” ಅಂದಳು.

ಕಲ್ಯಾಣಪ್ಪನ ಕಿವಿ ಕಾದವು. ಬಣ್ಣ ಬಿಡುವ ಸೀರೆಯನ್ನು ಬಣ್ಣ ಬಿಡುತ್ತದೆ ಎಂದೇ ಗಿರಾಕಿಗೆ ಹೇಳುವ ಹೆಂಗಸು ಆಕೆ. ಜನ ಹೋದ ಮೇಲೆ ಒಳಗೆ ಹೋಗಿ, “ನೀ ಯಾಕ ಹಂಗಂದಿ?” ಎಂದು ಕೇಳಿದ.

“ನಾಕು ಮಂದ್ಯಾಗ ನಿಮ್ಮ ಮಾರಿ ಸಣ್ಣದಾಗಬಾರ್ದು ಅಂತ ಅಂದೆ. ಇನ್ನೊಮ್ಮೆ ಕೇಳಿದ್ರ ಅನ್ನಂಗಿಲ್ಲ.”

“ಆ ಮರಿ ಕಾಲು ಮುರದಿರಬೇಕೇನ?”

“ನನಗೇನ ಗೊತ್ತರಿ. ಕುಂಟ್ತಿತ್ತು.”

ಮರುದಿನ ಅಂಬಣ್ಣ ನಿಲಂಗಾದಿಂದ ಬಂದಿದ್ದ ತನ್ನ ಬೀಗರನ್ನೂ ಕರೆತಂದು, “ಗೇಂಡಾದ ಕಥಿ ಇವರಿಗೂ ಹೇಳ್ರಿ” ಅಂದ. ಕಲ್ಯಾಣಪ್ಪ ಗಜಕಡ್ಡಿ ಹಿಡಿದು ಅರಿವೆ ಅಳೆಯತೊಡಗಿದ. ಬೀಗರು ಒಳಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಯ ಕಡೆ ತಿರುಗಿದರು.

“ಅದು ನಮ್ಮ ಮ್ಯಾಲ ಬರಲಿಲ್ರಿ,” ಅಂದಳು ಶಿವಗಂಗಾಬಾಯಿ. “ಮಲಕೊಂಡಿತ್ತು. ಇವರು ಕಲ್ಲು ಒಗದ್ರು. ಮರಿಗೆ ಹತ್ತಿತು.”

ಈಗ ಎಲ್ಲರೂ ಛೀ ಅನ್ನುತ್ತಾರೆ ಎಂದು ಕಲ್ಯಾಣಪ್ಪ ತಲೆ ತಗ್ಗಿಸಿ ಕಾದ. ಬೀಗರು ತೊಡೆ ತಟ್ಟಿಕೊಂಡು ನಕ್ಕರು. “ಭಲೇ ಸಾವುಕಾರ್ರ, ಗೇಂಡಾಕ್ಕ ಕಲ್ಲು ಒಗಿಲಿಕ್ಕ ಗುಂಡಿಗಿ ಬೇಕ್ರಿ” ಅಂದ ಅಂಬಣ್ಣ. ಆಮೇಲೆ ಬೀಗರು ಧೋತರ ತೋರಿಸಲು ಹೇಳಿದರು. ಅವನು ಎದ್ದು ಗಂಟು ಬಿಚ್ಚಿ ತೋರಿಸಿದ. ದರ ಹೇಳುವಾಗಲೂ ಕುಂಟುವ ಮರಿಯೇ ಕಣ್ಣ ಮುಂದಿತ್ತು.

ಮತ್ತೆ ಅವನು ಪ್ರಾಣಿ ನೋಡಲು ಎಲ್ಲಿಗೂ ಹೊರಡಲಿಲ್ಲ. ಯಾರಾದರೂ ಕೇಳಿದರೆ ಹಡಗಿನಲ್ಲಿ ಹೊಟ್ಟೆ ತೊಳಸುತ್ತದೆ ಎನ್ನುತ್ತಿದ್ದ. ಶಿವಗಂಗಾಬಾಯಿ ಕೇಳಿಸಿಕೊಂಡು ಚಹಾ ತರಲು ಒಳಗೆ ಹೋಗುತ್ತಿದ್ದಳು.